ನಡುಮನೆಯ ಆಲೂಗಡ್ಡೆ

ಮಹಾಂತೇಶ ಮಾಮನ ಮನೆಯಲ್ಲಿ ಆಲೂಗಡ್ಡೆ ಹರಡಲು ಬೇರೆ ಕೋಣೆ ಇರಲಿಲ್ಲ. ಹಾಗಾಗಿ ನಡುಮನೆಯ ನೆಲದ ತುಂಬ ಆಲೂಗಡ್ಡೆಯೇ ಇತ್ತು. ಸ್ವಾತಿ ಅದರ ಮಧ್ಯೆ ಕುಕ್ಕರಗಾಲಲ್ಲಿ ಕೂತು ಮೊಳಕೆ ಮುರಿಯುತ್ತಿದ್ದಳು.

ಬೇಸಿಗೆ ರಜೆಗೆ ಅವಳು ಅರಸೀಕೆರೆಯಿಂದ ಮಾದಿಹಳ್ಳಿಯ ಅಜ್ಜಿ ಮನೆಗೆ ಬಂದಿದ್ದಳು. ಬೆಳಿಗ್ಗೆ ಮಾಮನ ಬೈಕ್ ಹತ್ತುವ ಮುಂಚೆ ಶಿವಗಂಗಮ್ಮಜ್ಜಿ ಹೇಳಿದ್ದಳು, "ಒಲೆ ಪಕ್ಕದ ಬುಟ್ಟೀಲಿ ಗಡ್ಡೆ ಮೊಳಕೆ ಬಂದೈತೆ ಕಣೇ. ಮುರಿದು, ಮೇಲೆ ಗೋಣಿಚೀಲ ಮುಚ್ಚಿಡು. ಬೆಳಕು ಬಿದ್ರೆ ಹಸಿರಾಗ್ತವೆ."

ಸ್ವಾತಿಗೆ ಇದು ಹೊಸದಲ್ಲ. ಮನೆಯಲ್ಲಿ ಅಮ್ಮನೂ ಹೀಗೇ ಮಾಡಿಸುತ್ತಿದ್ದಳು. ಮೊಳಕೆ ಬಂದ ಆಲೂಗಡ್ಡೆ ತಿಂದರೆ ಹೊಟ್ಟೆ ಕೆಡುತ್ತೆ ಎಂದು ಸ್ಕೂಲಿನಲ್ಲಿ ಮಿಸ್ಸೂ ಹೇಳಿದ್ದರು.

ಬುಟ್ಟಿ ಬೇಗ ಮುಗಿಯಿತು. ಬಿಳೀ, ಉದ್ದ, ಮೆತ್ತನೆಯ ಮೊಳಕೆಗಳು. ಎದ್ದು ನಡುಮನೆಗೆ ಬಂದಳು. ಅಲ್ಲಿ ಒಂದೂ ಬಿಡದೆ ಎಲ್ಲಕ್ಕೂ ಮೊಳಕೆ. ಇಷ್ಟೊಂದು ಹಾಳಾಗ್ತಾ ಇದೆ, ಯಾರೂ ನೋಡೇ ಇಲ್ವಲ್ಲ ಎಂದುಕೊಂಡಳು.

ಇವು ಗಿಡ್ಡ, ದಪ್ಪ, ನೇರಳೆ ಬಣ್ಣ. ಸುಲಭಕ್ಕೆ ಮುರಿಯಲಿಲ್ಲ. ಉಗುರು ಹಾಕಿ ಕಿತ್ತಳು. ಸಂಜೆ ಹೊತ್ತಿಗೆ ಉಗುರೆಲ್ಲ ಕಪ್ಪಾಗಿತ್ತು. ಮೊರ ತುಂಬಿತ್ತು.

ಬೈಕ್ ಬಂದು ನಿಂತಿತು.

"ಏನಮ್ಮ ಅರಸೀಕೆರೆ ಮೇಡಂ, ಉಂಡ್ಯಾ ಇಲ್ವಾ?" ಎನ್ನುತ್ತಾ ಮಾಮ ಒಳಗೆ ಕಾಲಿಟ್ಟ. ಅಲ್ಲೇ ನಿಂತ.

"ಇವನ್ನ ಯಾರು ಮುರಿದ್ರು?"

"ನಾನೇ ಮಾಮ. ಒಬ್ಳೇ."

ಮಾಮ ಒಂದು ಗಡ್ಡೆ ಎತ್ತಿ ತಿರುಗಿಸಿ ನೋಡಿದ. ಇನ್ನೊಂದು ಎತ್ತಿದ. "ಅವ್ವಾ, ಬಾ ಇಲ್ಲಿ" ಎಂದ. ದನಿ ಬಹಳ ಸಣ್ಣದಾಗಿತ್ತು.

ಅಜ್ಜಿ ಬಂದವಳು ಬಾಗಿಲು ಹಿಡಿದುಕೊಂಡಳು. "ಅಯ್ಯೋ ಶಿವನೇ. ಬುಟ್ಟೀದು ಅಂದ್ನಲ್ಲೇ."

"ಬುಟ್ಟೀದೂ ಆಯ್ತಜ್ಜಿ. ಇವಕ್ಕೂ ಮೊಳಕೆ ಬಂದಿತ್ತು."

"ಬರ್ಲಿ ಅಂತಲೇ ಹರಡಿದ್ದು ಕಣೇ. ಬಿತ್ತನೆ ಗಡ್ಡೆ. ನಾಳೆ ನೆಡೋದಿತ್ತು."

ಸ್ವಾತಿ ಮೊರದ ಕಡೆ ನೋಡಿದಳು. "ಮತ್ತೆ ಬರಲ್ವಾ? ನಮ್ಮನೇಲಿ ಎಷ್ಟು ಮುರಿದ್ರೂ ಬರುತ್ತೆ."

"ಬರ್ತದೆ," ಎಂದ ಮಾಮ. "ಅಷ್ಟೊತ್ಗೆ ಹೊಲದ ಹದ ಆರೋಗಿರ್ತದೆ. ಇಷ್ಟು ದಪ್ಪಾನೂ ಬರಲ್ಲ."

ಅವನು ಫೋನ್ ತೆಗೆದ. "ಮರಿಯಣ್ಣ, ನಾಳೆ ಟ್ರ್ಯಾಕ್ಟರ್ ಬ್ಯಾಡ. ಏನಿಲ್ಲ, ಆಮೇಲೆ ಹೇಳ್ತೀನಿ."

"ಹೇಳ್ದೆ ಹೋಗಿದ್ದು ನನ್ನ ತಪ್ಪು," ಎಂದಳು ಅಜ್ಜಿ.

"ಪೇಟೆ ಹುಡ್ಗಿ, ಬಿಡವ್ವ. ಅದಕ್ಕೇನು ಗೊತ್ತು."

ಅವನು ಬೈದಿದ್ದರೆ ಸ್ವಾತಿ ಅತ್ತುಬಿಡುತ್ತಿದ್ದಳು. ಈಗ ಅಳುವೂ ಬರಲಿಲ್ಲ.

ಮೊರದಿಂದ ಒಂದು ಮೊಳಕೆ ತೆಗೆದು ಕಣ್ಣ ಹತ್ತಿರ ಹಿಡಿದಳು. ಬುಡದಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಎದ್ದಿದ್ದವು. ಬೇರು. ತುದಿಯಲ್ಲಿ ಎಲೆಗಳು ಮಡಿಚಿಕೊಂಡಿದ್ದವು. ಬೆಳಗಿನಿಂದ ಇಷ್ಟು ಹತ್ತಿರದಿಂದ ಅವಳು ಒಂದನ್ನೂ ನೋಡಿರಲಿಲ್ಲ.

ಕೆಳಗಿಡಲು ಮನಸ್ಸಾಗದೆ ಅದನ್ನು ಅಂಗೈಯಲ್ಲೇ ಇಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ಗಡ್ಡೆಗಳನ್ನು ಒಂದೊಂದಾಗಿ ಹೊರಳಿಸಿ, ಮೊಳಕೆ ಉಳಿದವನ್ನು ಹುಡುಕತೊಡಗಿದಳು. ಮಾಮನೂ ಪಕ್ಕಕ್ಕೆ ಬಂದು ಕೂತ.

ಉಳಿದವು ಹನ್ನೊಂದು ಗಡ್ಡೆ. ಹೋದದ್ದು ಎರಡು ಮೂಟೆ.