ಹುಂಜವಿಲ್ಲದ ರಾಜ್ಯ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಹೇಮಕೂಟವೆಂಬ ರಾಜ್ಯವಿತ್ತು. ಅದರ ಅರಸ ವೀರಕೇತು. ಮದವೇರಿದ ಆನೆಯನ್ನು ಸೊಂಡಿಲು ಹಿಡಿದು ನಿಲ್ಲಿಸಿದವನು, ಒಬ್ಬನೇ ಹೋಗಿ ಶತ್ರುಗಳ ಕೋಟೆಬಾಗಿಲು ಮುರಿದವನು. ಅಂಥವನಿಗೆ ಹುಂಜ ಕಂಡರೆ ಮಾತ್ರ ಕೈಕಾಲು ನಡುಗುತ್ತಿತ್ತು.

ನಗಬೇಡಿ. ನಮ್ಮ ನಮ್ಮ ಹುಂಜ ನಮಗೆ ಇದ್ದೇ ಇರುತ್ತದೆ.

ಅರಸ ಈ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಪಟ್ಟಕ್ಕೆ ಬಂದ ದಿನವೇ, ಕೋಳಿ ಕೂಗುವುದು ರಾಜ್ಯಕ್ಕೆ ಅಪಶಕುನವೆಂದು ಡಂಗುರ ಸಾರಿಸಿದ. ಜೋಯಿಸರು ತಲೆಯಾಡಿಸಿದರು, ಅವರ ಗಂಟೇನು ಹೋಗಬೇಕು? ಹುಂಜಗಳನ್ನೆಲ್ಲ ಗಡಿಯಾಚೆಗೆ ಅಟ್ಟಿದರು.

ಭಸ್ಮಕೇಶಿಯೆಂಬ ಮಾಂತ್ರಿಕ ಇದನ್ನೇ ಕಾಯುತ್ತಿದ್ದ. ಕೋಳಿ ಕೂಗಿದರೆ ಮುರಿದು ಬೀಳುವ ಮಾಟ ಅವನದು. ಈಗ ರಾಜಾರೋಷವಾಗಿ ಬಂದು, ತುಂಬಿದ ಸಭೆಯಲ್ಲಿ ಅರಸನ ಒಬ್ಬಳೇ ಮಗಳು ಇಳಾವತಿಯನ್ನು ಕಲ್ಲಾಗಿಸಿದ.

"ನಾಡಿದ್ದು ಸಂಜೆಯೊಳಗೆ ಸಿಂಹಾಸನ ಬಿಟ್ಟುಕೊಡು. ಇಲ್ಲವಾದರೆ ಇವಳು ಎಂದೆಂದಿಗೂ ಕಲ್ಲು!"

ಮುದಿ ಮಂತ್ರಿ ಅರಸನ ಕಿವಿಯಲ್ಲಿ ಹೇಳಿದ: "ಪ್ರಭು, ಹುಂಜ ಕೂಗಿದರೆ ರಾಜಕುಮಾರಿ ಬದುಕುತ್ತಾಳೆ. ಆದರೆ ಅಟ್ಟಿದವರೇ ಅದನ್ನು ಕೈಯಾರೆ ತರಬೇಕಂತೆ."

ಅರಸ ಒಬ್ಬನೇ ಹೊರಟ. ಕಣಿವೆಯಲ್ಲಿ ಬೆಂಕಿಯುಗುಳುವ ಹುಲಿ ಅಡ್ಡ ಬಂತು. ಅರಸ ಹೆದರಲಿಲ್ಲ, ಅದನ್ನೆತ್ತಿ ಬಂಡೆಗೆ ಅಪ್ಪಳಿಸಿದ. ಹೊಳೆಯಲ್ಲಿ ಏಳು ಹೆಡೆಯ ಹಾವು ಎದ್ದಿತು. ಅರಸ ಹೆದರಲಿಲ್ಲ, ಅದರ ಹೆಡೆಗಳನ್ನೇ ತುಳಿದು ದಾಟಿದ. ಆಚೆ ದಡದಲ್ಲಿ ಸಂಕವ್ವನೆಂಬ ಮುದುಕಿಯ ಅಂಗಳ. ಅಲ್ಲೊಂದು ಕೆಂಪು ಹುಂಜ ಕಾಳು ಹೆಕ್ಕುತ್ತಿತ್ತು. ಅರಸ ಬೇಲಿಯ ಹೊರಗೇ ನಿಂತುಬಿಟ್ಟ.

"ಯಾಕಪ್ಪಾ, ಒಳಕ್ಕೆ ಬಾ."

"ಅವ್ವಾ, ನನಗೆ ಹುಂಜ ಅಂದರೆ ಭಯ. ಚಿಕ್ಕವನಿದ್ದಾಗ ಎದೆಗೆ ಹಾರಿ ಮುಖ ಕುಕ್ಕಿತ್ತು."

ಆ ಮಾತು ಅವನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

"ಭಯಕ್ಕೇನು! ನಂಗೂ ಗುಡುಗು ಅಂದ್ರೆ ಭಯಾನೇ. ಹಂಗಂತ ಮೋಡಾನ ಊರು ಬಿಡ್ಸಾಕಾಯ್ತದಾ?"

"ಬುಟ್ಟಿಯಲ್ಲಿ ಮುಚ್ಚಿ ಕೊಡವ್ವಾ."

"ಮುಚ್ಚಿದ್ರೆ ಕೂಗಾಕಿಲ್ಲ ಮಗಾ. ರೆಕ್ಕೆ ಸೇರಿಸಿ ಕಂಕುಳಲ್ಲಿ ಅವುಚ್ಕೋ. ಅದಕ್ಕೂ ನಿನ್ ಭಯ ಐತೆ."

ನಿಜವೇ. ಕಂಕುಳಲ್ಲಿ ಹುಂಜದ ಎದೆ ಅವನ ಎದೆಯಂತೆಯೇ ಡವಡವ ಬಡಿದುಕೊಳ್ಳುತ್ತಿತ್ತು. ಅರಸ ದಾರಿಯುದ್ದಕ್ಕೂ ಬೆವರುತ್ತಾ ನಡೆದು, ಗಡುವಿನ ಸಂಜೆ ಸಭೆಗೆ ಬಂದ.

"ನೋಡಿರೋ ನಿಮ್ಮ ವೀರನನ್ನು! ಕೋಳಿಗೆ ನಡುಗುತ್ತಿದ್ದಾನೆ!" ಎಂದು ಭಸ್ಮಕೇಶಿ ನಕ್ಕ.

"ಹೌದು, ನಡುಗುತ್ತಿದ್ದೇನೆ," ಎಂದ ಅರಸ ಜನರತ್ತ ತಿರುಗಿ. "ಅಪಶಕುನ ಅಂದದ್ದು ಸುಳ್ಳು. ನನ್ನ ನಾಚಿಕೆ ಮುಚ್ಚಿಕೊಳ್ಳಲು ನಿಮ್ಮ ಮನೆಯ ಹುಂಜಗಳನ್ನು ಅಟ್ಟಿಸಿದೆ. ತಪ್ಪಾಯಿತು."

ಯಾರೂ ನಗಲಿಲ್ಲ. ಹುಂಜವೂ ಕೂಗಲಿಲ್ಲ, ಅವನ ಹಿಡಿತ ಅಷ್ಟು ಬಿಗಿಯಾಗಿತ್ತು. ಅರಸ ಕಣ್ಣುಮುಚ್ಚಿ ಕೈ ಸಡಿಲಿಸಿದ. ಹುಂಜ ಹಾರಿ ಅವನ ಹೆಗಲೇರಿತು. ಕೊಕ್ಕು ಕೆನ್ನೆಗೆ ತಾಗುತ್ತಿತ್ತು. ಅವನು ಕದಲಲಿಲ್ಲ.

"ಕೊಕ್ಕೊಕ್ಕೋ!"

ಭಸ್ಮಕೇಶಿ ಹಿಡಿ ಬೂದಿಯಾಗಿ ಉದುರಿದ. ಕಲ್ಲು ಉಸಿರಾಡಿತು. "ಅಪ್ಪಾಜೀ, ನಿಮ್ಮ ಹೆಗಲ ಮೇಲೆ ಏನದು?" ಎಂದಳು ಇಳಾವತಿ. ಅರಸ ನಗುತ್ತಾ ಅತ್ತುಬಿಟ್ಟ.

ಹುಂಜಗಳು ಮನೆಮನೆಗೆ ಮರಳಿದವು, ಹೇಮಕೂಟದ ಜನ ಸುಖವಾಗಿ ಬಾಳಿದರು. ಅರಸನ ಭಯ ಮಾತ್ರ ಹೋಗಲಿಲ್ಲ. ದಿನವೂ ಮೊದಲ ಕೋಳಿ ಕೂಗಿದಾಗ ಅವನು ಕಂಬಳಿ ಎಳೆದುಕೊಳ್ಳುತ್ತಿದ್ದ. ಮಗಳು ಬಂದು, ಕೂಗು ನಿಲ್ಲುವತನಕ ಅಪ್ಪನ ಕೈ ಹಿಡಿದು ಕೂರುತ್ತಿದ್ದಳು.