ಗುಡುಗಿಗೆ ಕಿತ್ತಿಟ್ಟ ಡಿಸ್ಕ್

"ಪ್ಲಗ್ ಕೀಳಬೇಡಿ ಮಾರಾಯ್ರೆ, ಒಂದು ನಿಮಿಷ..."

ಅವನು ಹೇಳಿ ಮುಗಿಸುವ ಮೊದಲೇ ನುಸೈಬಾ ಪ್ಲಗ್ ಕಿತ್ತಾಗಿತ್ತು. ಕಂಪ್ಯೂಟರಿನ ಪರದೆ ಕಪ್ಪಾಯಿತು. ಬೆಳಿಗ್ಗೆಯಿಂದ ಅದರ ಮುಂದೆ ಕುಳಿತಿದ್ದ ಯುವಕ ಎರಡೂ ಕೈಗಳನ್ನು ತಲೆಯ ಮೇಲೆ ಹೊತ್ತುಕೊಂಡ.

"ಗುಡುಗು ಕೇಳಿಸಲಿಲ್ವಾ ನಿಮಗೆ?" ಎಕ್ಸ್‌ರೇ ಯಂತ್ರದ ಪ್ಲಗ್ಗನ್ನೂ ಎಳೆಯುತ್ತ ಕೇಳಿದಳು ಅವಳು. "ಘಟ್ಟದಲ್ಲಿ ಗುಡುಗಿದ್ರೆ ಕಡಬದಲ್ಲಿ ಯಾರೂ ಒಂದು ನಿಮಿಷ ಕಾಯುದಿಲ್ಲ."

"ನಿಮ್ಮ ನಾಯಿ, ದನ, ಆಡುಗಳ ಎಲುಬೆಲ್ಲ ಈ ಡಿಸ್ಕಿಗೆ ಹೋಗ್ತಾ ಇತ್ತು. ಅರ್ಧ ಈಗ ದಾರಿಯಲ್ಲಿ ಬಿತ್ತು."

ಅವಳಿಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿದಳು. ಅವನು ಅದನ್ನೂ ನೋಡಿಬಿಟ್ಟ.

ಅವನ ಹೆಸರು ರಮೀಝ್. ಶಾರ್ಜಾದ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಂಡಿದ್ದವನು, ಊರಿಗೆ ಮರಳಿ ಪುತ್ತೂರಿನಲ್ಲಿ ರಿಪೇರಿ ಅಂಗಡಿ ಹಾಕಿದ್ದ. ಕಡಬದ ಪಶು ಚಿಕಿತ್ಸಾಲಯದ ಡಾಕ್ಟರ್ ಕೀರ್ತನ್ ಚಿತ್ರಗಳ ಇನ್ನೊಂದು ಪ್ರತಿ ಇಡುವ ಏರ್ಪಾಡಿಗೆ ಅವನನ್ನು ಕರೆಸಿದ್ದರು. ಅಲ್ಲಿ ಎಕ್ಸ್‌ರೇ ತೆಗೆಯುವುದು, ಚಿತ್ರಗಳನ್ನು ಜೋಪಾನ ಮಾಡುವುದು ನುಸೈಬಾಳ ಕೆಲಸ.

ಮಳೆ ನಿಂತ ಮೇಲೆ ಅವನು ಮತ್ತೆ ಮೊದಲಿನಿಂದ ಶುರು ಮಾಡಿದ. ದಿನಾ ಊಟದ ಹೊತ್ತಿಗೆ ಎಲ್ಲ ತಾನಾಗಿಯೇ ವಯರಿನಲ್ಲಿ ಜೋಡಿಸಿದ ಈ ಪುಟ್ಟ ಡಿಸ್ಕಿಗೆ ಹೋಗುತ್ತದೆ, ಕಂಪ್ಯೂಟರಿನಲ್ಲಿ ಇದ್ದದ್ದೇ ಡಿಸ್ಕಿನಲ್ಲೂ ಇರುತ್ತದೆ, ಕನ್ನಡಿಯ ಹಾಗೆ ಎಂದು ತಿಳಿಸಿ ಹೇಳಿದ.

ಕನ್ನಡಿ... ಆ ಮಾತು ಅವಳಿಗೆ ಯಾಕೋ ಹಿಡಿಸಿತು.

ಆಮೇಲೆ ಅವನು ಡಿಸ್ಕ್ ನೋಡುವ ನೆಪದಲ್ಲಿ ಆಗಾಗ ಬಂದ. ಡಿಸ್ಕಿಗೆ ಅಷ್ಟೊಂದು ಕಾಯಿಲೆ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಸಂಜೆಯ ಗುಡುಗು ಮೊದಲು ಘಟ್ಟದ ಕಡೆಯಿಂದ ಕಡಬಕ್ಕೆ ಬರುತ್ತದೆ, ಪುತ್ತೂರಿಗೆ ಸ್ವಲ್ಪ ತಡವಾಗಿ. ಹಾಗಾಗಿ ತನ್ನ ಪ್ಲಗ್ಗುಗಳನ್ನೆಲ್ಲ ಕಿತ್ತ ಕೂಡಲೇ ಅವಳು ಅವನಿಗೆ ಮೆಸೇಜ್ ಮಾಡುತ್ತಿದ್ದಳು. "ಗುಡುಗು ಶುರು." ಅವನು ಅಂಗಡಿಯ ಪ್ಲಗ್ಗುಗಳನ್ನೆಲ್ಲ ತೆಗೆದು ಉತ್ತರಿಸುತ್ತಿದ್ದ. "ಬದುಕಿದೆ."

ಎರಡು ಊರುಗಳ ನಡುವಿನ ಆಕಾಶ ಅವರಿಬ್ಬರದ್ದೇ ಆಗಿಹೋಗಿತ್ತು. ಪ್ರೀತಿಯೆಂದು ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ದುಗ್ಗಮ್ಮ ತನ್ನ ನಾಯಿಯನ್ನು ಗೋಣಿಯಲ್ಲಿ ಸುತ್ತಿ ಎತ್ತಿಕೊಂಡು ಬಂದಳು.

ದುಗ್ಗಮ್ಮ ನೆಟ್ಟಣದ ಕಡೆಯವಳು. ರಬ್ಬರ್ ಟ್ಯಾಪಿಂಗಿಗೆ ಹೋಗುವವಳು. ನಸುಕಿನಲ್ಲಿ ಅವಳು ಹಣೆಗೆ ದೀಪ ಕಟ್ಟಿಕೊಂಡು ಹೊರಟರೆ ಮುಂದೆ ನಡೆಯುವುದು ಈ ನಾಯಿ, ಕರಿಯ. ಅವಳ ಮನೆಗೂ ಸುತ್ತಲಿನ ನಾಲ್ಕಾರು ಮನೆಗಳಿಗೂ ಇದ್ದ ಒಂದೇ ದಾರಿ ಊರಿನ ಧಣಿ ಅಚ್ಚುತನ ತೋಟದ ಅಂಚಿನಲ್ಲಿ ಹಾದುಹೋಗುತ್ತಿತ್ತು. ಅಜ್ಜಂದಿರ ಕಾಲದಿಂದ ಜನ ನಡೆದ ದಾರಿ. ಅದನ್ನು ಮುಚ್ಚಬೇಕೆಂದು ಅಚ್ಚುತನಿಗೆ ಹಟ. ಬೇಡ ಎಂದು ಎದುರು ನಿಂತವಳು ದುಗ್ಗಮ್ಮ.

"ದಾರಿಯಲ್ಲೇ ಬಿದ್ದಿತ್ತು ಮಗಾ," ಎಂದಳು ಅವಳು. "ಈಡು ಸಿಡಿದದ್ದು ಕೇಳಿದ್ದೇನೆ ನಾನು. ಈ ಕಿವಿಯಲ್ಲಿ."

ನುಸೈಬಾ ಎಕ್ಸ್‌ರೇ ತೆಗೆದಳು. ಪರದೆಯ ಮೇಲೆ ಚಿತ್ರ ಮೂಡಿತು. ಹಿಂಗಾಲಿನ ಮೂಳೆ ಚೂರುಚೂರು. ಚೂರುಗಳ ನಡುವೆ, ಮಾಂಸದೊಳಗೆ, ಹೊಳೆಯುವ ದುಂಡನೆಯ ಬಿಳಿ ಚುಕ್ಕೆಗಳು.

ಕೋವಿಯ ಚರೆ! ಬೆಳೆ ಕಾಯಲೆಂದು ಅಚ್ಚುತನಿಗೆ ಸರಕಾರ ಪರವಾನಗಿ ಕೊಟ್ಟ ಕೋವಿ, ನಡೆಯುವವರನ್ನು ಹೆದರಿಸಲು ಎತ್ತಿದ ಕೋವಿ.

ಡಾಕ್ಟರ್ ಕೀರ್ತನ್ ಚಿತ್ರ ನೋಡಿ ಕೈಗವಸು ಹಾಕಿಕೊಂಡರು. ಕಾಲು ಉಳಿಯುವ ಹಾಗಿರಲಿಲ್ಲ. ತೆಗೆದರು. ತೆಗೆದ ಕಾಲು ಸುಣ್ಣದ ಗುಂಡಿಗೆ ಹೋಯಿತು. ಇನ್ನು ಆ ಚರೆಗಳನ್ನು ಕಂಡ ಸಾಕ್ಷಿಯೆಂದರೆ ಆ ಚಿತ್ರ ಒಂದೇ. ಊಟದ ಹೊತ್ತಿಗೆ ಅದು ಡಿಸ್ಕಿಗೆ ಹೋದದ್ದನ್ನು ನುಸೈಬಾ ಕಣ್ಣಾರೆ ನೋಡಿದಳು. ಸಂಜೆ ಗುಡುಗಿತು. ಎಲ್ಲ ಪ್ಲಗ್ ಕಿತ್ತಳು. ಡಿಸ್ಕನ್ನೂ ಬಿಡಿಸಿ ಕಪಾಟಿನಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಎಲ್ಲ ಪ್ರಾಣಿಗಳ ಚಿತ್ರಗಳೂ ಇದ್ದವು. ಕರಿಯನದ್ದು ಇರಲಿಲ್ಲ.

ಅವಳು ಡಾಕ್ಟರ ಕೋಣೆಗೆ ಹೋದಳು. ಅವರು ತಲೆ ಎತ್ತದೆ, ಜೀಪಿನಡಿಗೆ ಬಿದ್ದ ನಾಯಿ ಎಂದು ಬರೆದಾಯಿತು ಎಂದರು. ಚಿಕಿತ್ಸಾಲಯ ಇದ್ದ ಕಟ್ಟಡ ಅಚ್ಚುತನದ್ದು. ನಿನ್ನೆ ಸಂಜೆ ಅವಳು ಹೋದ ಮೇಲೆ ಅಚ್ಚುತ ಬಂದು ಕಂಪ್ಯೂಟರ್ ಹಾಕಿಸಿದ್ದ. ಅಷ್ಟು ಹೇಳುವಷ್ಟರಲ್ಲಿ ಡಾಕ್ಟರ ದನಿ ಇಳಿದುಹೋಯಿತು.

'ಡಿಸ್ಕ್ ಉಂಟಲ್ಲ...' ಅವಳು ಓಡಿಬಂದಳು. ಕಪಾಟಿನಿಂದ ತೆಗೆದು, ವಯರ್ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಫೋನ್ ಬಂತು. ರಮೀಝ್.

"ಡಿಸ್ಕ್ ಜೋಡಿಸಬೇಡಿ. ನಾನು ಬರುವ ತನಕ ಯಾವ ಕಂಪ್ಯೂಟರಿಗೂ ಹಾಕಬೇಡಿ."

ಅವಳು ಕಲ್ಲಾದಳು. ಚಿತ್ರ ಹೋದದ್ದನ್ನು ಅವಳಿನ್ನೂ ಹೊರಗಿನ ಯಾರಿಗೂ ಹೇಳಿರಲಿಲ್ಲ.

"ನಿಮಗೆ ಹೇಗೆ ಗೊತ್ತು?"

"ಅಚ್ಚುತಣ್ಣ ಫೋನ್ ಮಾಡಿದ್ರು..."

ಅವಳು ಫೋನ್ ಇಟ್ಟುಬಿಟ್ಟಳು. ಅಚ್ಚುತನ ಮನೆಗೆ, ಗೇಟಿಗೆ, ಶೆಡ್ಡಿಗೆ ಕ್ಯಾಮೆರಾ ಹಾಕಿದವನು ರಮೀಝೇ. ಅದು ಅವಳಿಗೆ ಗೊತ್ತಿತ್ತು. ಈಗ ಆ ಗೊತ್ತಿದ್ದದ್ದೇ ಮುಳ್ಳಾಗಿ ಚುಚ್ಚಿತು. ಬಂದು ಅಳಿಸಬೇಕೆಂದಿರುವವನೇ ಅಲ್ಲವೇ, ಜೋಡಿಸಬೇಡಿ ಎನ್ನುವುದು?

'ಎಲ್ಲ ಗಂಡಸರೂ ಧಣಿಯ ಗೇಟಿನ ಒಳಗೆ. ನಾವು ಹೊರಗೆ. ನಾವು ಮತ್ತು ನಾಯಿಗಳು.'

ಅವನು ಬರುವ ಮೊದಲೇ ಅವಳು ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ಹೊರಬಿದ್ದಳು.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಸ್ಸಿನಲ್ಲಿ ಬ್ಯಾಗನ್ನು ಎದೆಗೆ ಅವುಚಿಕೊಂಡಳು. ಮನೆಯಲ್ಲಿ ಡಿಸ್ಕನ್ನು ದಿಂಬಿನ ಕೆಳಗಿಟ್ಟಳು, ಅಲ್ಲಿಂದ ಅಕ್ಕಿಯ ಡಬ್ಬಿಗೆ, ಅಕ್ಕಿಯ ಡಬ್ಬಿಯಿಂದ ಮತ್ತೆ ಬ್ಯಾಗಿಗೆ ಸಾಗಿಸಿದಳು. ಕೂಸಿನ ಹಾಗೆ ಹೊತ್ತ ಆ ಪೆಟ್ಟಿಗೆಗೆ ಹಾಲು ಕುಡಿಸುದು ಯಾವಾಗ ಎಂದು ಅವಳ ಉಮ್ಮ ಕುಂಞಿಪಾತುಮ್ಮ ಗೇಲಿ ಮಾಡಿದರು. ಮಗಳು ನಗಲಿಲ್ಲ. ಉಮ್ಮನೂ ಆಮೇಲೆ ಕೇಳಲಿಲ್ಲ.

ಯಾರದ್ದಾದರೂ ಕಂಪ್ಯೂಟರಿಗೆ ಹಾಕಿ ನೋಡಿಬಿಡಲೇ ಎನಿಸುತ್ತಿತ್ತು. ಕೈ ಏಳುತ್ತಿರಲಿಲ್ಲ. ಅವನು ಸುಳ್ಳನಾಗಿದ್ದರೆ ನೋಡುವುದೇ ಸರಿ. ಅವನು ನಿಜ ಹೇಳಿದ್ದರೆ...? ಎಕ್ಸ್‌ರೇ ಕೋಣೆಗೆ ಮೊಬೈಲ್ ತರಬಾರದೆಂಬ ಡಾಕ್ಟರ ನಿಯಮವನ್ನು ಆ ಒಂದು ದಿನ ಮುರಿದು ಫೋಟೋ ಹೊಡೆದುಕೊಳ್ಳದೆ ಹೋದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಒಂದು ಸಂಜೆ ಘಟ್ಟದ ಕಡೆ ಜೋರಾಗಿ ಗುಡುಗಿತು. ಪ್ಲಗ್ಗುಗಳನ್ನು ಕಿತ್ತು ಅವಳು ಅಭ್ಯಾಸಬಲದಿಂದ ಫೋನ್ ಎತ್ತಿದಳು. 'ಗುಡುಗು ಶುರು' ಎಂದು ಬರೆದಳು. ಬೆರಳು ಅಲ್ಲೇ ನಿಂತಿತು.

ಕಳಿಸಲಿಲ್ಲ. ಮಳೆ ಬಿಡುವವರೆಗೂ ಕಿಟಕಿಗೂ ಬಾಗಿಲಿಗೂ ಅಲೆದಳು.

ಸಾಕ್ಷಿ ತಾರದಿದ್ದರೆ ಕೋವಿಯ ದೂರು ಬರೆದುಕೊಳ್ಳುವುದಿಲ್ಲ ಎಂದು ಠಾಣೆಯವರು ಹೇಳಿದ ದಿನ ದುಗ್ಗಮ್ಮ ಬಸ್ ಸ್ಟ್ಯಾಂಡಿನಲ್ಲಿ ನುಸೈಬಾಳನ್ನು ಕಾದು ನಿಂತಿದ್ದಳು. ದಾರಿಗೆ ಮುಳ್ಳುತಂತಿ ಬಿದ್ದಿತ್ತು. ಶಾಲೆಯ ಮಕ್ಕಳು ನೀರು ಹರಿಯುವ ತೋಡು ಇಳಿದು ಹತ್ತಿ ಹೋಗುತ್ತಿದ್ದರು. ತಂತಿಯ ಮೇಲೆ ಕ್ಯಾಮೆರಾವನ್ನೂ ಇಡಲು ಅಚ್ಚುತ ಜನ ಕರೆಸಿದ್ದನಂತೆ.

"ಪುತ್ತೂರಿನ ಹುಡುಗ. ನಿಮ್ಮವನೇ," ಎಂದಳು ದುಗ್ಗಮ್ಮ. "ಏಣಿ ಹತ್ತಿ ಆಗಿತ್ತು. ಅಲ್ಲಿಂದ ನೋಡಿದ್ರೆ ತಂತಿಯ ಈಚೆ ನಮ್ಮ ಕರಿಯ ಮೂರು ಕಾಲಲ್ಲಿ ನಿಂತಿದೆ. ಆ ಹುಡುಗ ಸೀದಾ ಇಳಿದ."

"ಇಳಿದು?"

"ಧಣಿಗೆ ಹೇಳಿದ, ಈ ನಾಯಿ ಬರುವ ದಾರಿ ಕಾಯ್ಲಿಕ್ಕೆ ನನ್ನ ಕ್ಯಾಮೆರಾ ಸಿಗುದಿಲ್ಲ ಅಂತ. ಮೊನ್ನೆ ಫೋನಿನಲ್ಲಿ ಕೇಳಿದ್ರಲ್ಲ, ಡಿಸ್ಕಿನಿಂದ ಹೇಗೆ ಅಳಿಸುದು ಅಂತ, ಅದಕ್ಕೂ ಇದೇ ಉತ್ತರ ಅಂತ. ಏಣಿ ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟ ಮಾರಾಯ್ತಿ."

ನುಸೈಬಾ ಬ್ಯಾಗಿನೊಳಗಿನ ಡಿಸ್ಕನ್ನು ಮುಟ್ಟಿ ನೋಡಿದಳು. ಅಂದು ಫೋನಿನಲ್ಲಿ ಅವನು ಮುಗಿಸದೆ ಬಿಟ್ಟ ಮಾತು ಇದು. ಅಲ್ಲ... ತಾನು ಮುಗಿಸಲು ಬಿಡದ ಮಾತು.

ಪುತ್ತೂರಿನ ಬಸ್ ಹೊರಡುವುದರಲ್ಲಿತ್ತು. ಹತ್ತಿದಳು. ಸೀಟಿದ್ದರೂ ಕೂರಲಾರದೆ ನಿಂತೇ ಹೋದಳು. ಶಾಂತಿಮೊಗರಿನ ಸೇತುವೆಯ ಮೇಲೆ ಬಸ್ ನಿಧಾನವಾದಾಗ ಇಳಿದು ಓಡಿಬಿಡೋಣ ಎನಿಸಿತು.

ಅಂಗಡಿಯ ಬಾಗಿಲಲ್ಲಿ ಸುಟ್ಟ ವಾಸನೆ. ಮೇಜಿನ ಮೇಲೆ ಕರಿಹಿಡಿದ ಪೆಟ್ಟಿಗೆಗಳು. ಅವುಗಳ ನಡುವೆ ರಮೀಝ್.

"ಎಂತಾಯ್ತು?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಸಿಡಿಲು. ಗುಡುಗು ಬಂದದ್ದು ಗೊತ್ತಾಗಲಿಲ್ಲ," ಎಂದ ಅವನು. ದೂರಿನ ದನಿಯಲ್ಲ ಅದು. "ಈಗ ಯಾರೂ ಹೇಳುದಿಲ್ಲ ನನಗೆ."

ಅವಳು ಬ್ಯಾಗಿನಿಂದ ಡಿಸ್ಕ್ ತೆಗೆದು ಅವನ ಎದುರು ಇಟ್ಟಳು.

"ನೀವು ಹೇಳಿದ ಹಾಗೆ, ಯಾವುದಕ್ಕೂ ಹಾಕಲಿಲ್ಲ."

"ನನ್ನನ್ನು ನಂಬಿ?"

"ನಂಬದೆ," ಎಂದಳು ಅವಳು. "ನಂಬದೆ ಇರ್ಲಿಕ್ಕೂ ಆಗದೆ."

ಅವನು ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ತಪ್ಪು ತನ್ನದೇ ಎಂದ. ಶಾರ್ಜಾದ ಆಸ್ಪತ್ರೆಯಲ್ಲಿ ಕನ್ನಡಿಯ ಹಾಗೆ ಮಾಡುವುದೇ ರೂಢಿ. ಅಲ್ಲಿ ಅದರ ಹಿಂದೆ ಇನ್ನೂ ಎರಡು ಪ್ರತಿಗಳಿರುತ್ತವೆ. ಕಡಬದಲ್ಲಿ ಇದ್ದದ್ದು ಕನ್ನಡಿ ಮಾತ್ರ. ಕಂಪ್ಯೂಟರಿನಲ್ಲಿ ಅಳಿಸಿದ್ದನ್ನು ಕನ್ನಡಿಯೂ ಅಳಿಸುತ್ತದೆ. ಅಂದು ಅವಳು ಆ ವಯರ್ ಜೋಡಿಸಿದ್ದರೆ ಊಟದ ಹೊತ್ತಿಗೆ ಕರಿಯನ ಚಿತ್ರ ಡಿಸ್ಕಿನಿಂದಲೂ ಹೋಗುತ್ತಿತ್ತು. ಅವಳು ಓದಿಸಲು ಬೇರೆಯವರ ಕೈಗೆ ಕೊಟ್ಟು, ಅವರು ಅಳಿಸಿದ್ದರೂ ಅಷ್ಟೇ.

"ಹಾಗಾದ್ರೆ ಉಳಿದದ್ದು..."

"ಗುಡುಗಿನಿಂದ. ಮತ್ತೆ ನಿಮ್ಮ ಕೋಪದಿಂದ."

ಅವನ ಲ್ಯಾಪ್‌ಟಾಪ್ ಸಿಡಿಲಿಗೆ ಸಿಕ್ಕಿರಲಿಲ್ಲ. ಡಿಸ್ಕಿಗೆ ಏನೂ ಬರೆಯಲಾಗದಂತೆ ಬೀಗ ಹಾಕಿ, ಓದಲು ಮಾತ್ರ ತೆರೆದ. ಹೆಸರುಗಳು ಸಾಲಾಗಿ ಇಳಿದವು. ಮೆಟ್ಟಿಲಿಂದ ಬಿದ್ದ ಆಡು, ಮೊಳೆ ನುಂಗಿದ ಕರು... ಅವಳು ಉಸಿರು ಬಿಗಿಹಿಡಿದು ಅವನ ಕುರ್ಚಿಯ ಬೆನ್ನನ್ನು ಹಿಡಿದಳು.

ಕೊನೆಯ ಸಾಲು. ಕರಿಯ.

ಚೂರಾದ ಮೂಳೆ. ದುಂಡನೆಯ ಬಿಳಿ ಚುಕ್ಕೆಗಳು. ಜೀಪಿನ ಚಕ್ರ ಯಾವತ್ತೂ ಇಂಥ ಗುರುತು ಬಿಡುವುದಿಲ್ಲ.

ನುಸೈಬಾ ಅತ್ತುಬಿಟ್ಟಳು. ಅವನು ಕೈ ಚಾಚಿ, ಮುಟ್ಟದೆ, ಮೇಜಿನ ಅಂಚಿನಲ್ಲೇ ಕೈ ಇಟ್ಟುಕೊಂಡ.

ಮರುದಿನ ಅವಳು ಚಿತ್ರವನ್ನು ಡಾಕ್ಟರ ಮುಂದಿಟ್ಟಳು. ಇದು ಕೋವಿಯ ಗಾಯ ಎಂದು ಬರೆದು ಸಹಿ ಹಾಕಿ, ಇಲ್ಲವಾದರೆ ಚಿತ್ರ ಹೇಗೆ ಹೋಯಿತೆಂದು ನಾನು ಠಾಣೆಯಲ್ಲಿ ಹೇಳುತ್ತೇನೆ ಎಂದಳು. ಕೀರ್ತನ್ ಬಹಳ ಹೊತ್ತು ಬಿಳಿ ಚುಕ್ಕೆಗಳನ್ನೇ ನೋಡಿದರು. ಕಲಿತದ್ದು ಇದಕ್ಕಲ್ಲ ಎಂದು ತನಗೇ ಹೇಳಿಕೊಂಡು ಸಹಿ ಹಾಕಿದರು. ಕಟ್ಟಡ ಬಿಡಬೇಕೆಂದು ಅಚ್ಚುತನಿಂದ ಅಂದೇ ಮಾತು ಬಂತು. ಬರಲಿ ಎಂದರು ಡಾಕ್ಟರ್.

ಠಾಣೆಯ ಅಂಗಳದಲ್ಲಿ ದುಗ್ಗಮ್ಮನ ಹಿಂದೆ ಆ ದಾರಿಯ ಎಲ್ಲ ಮನೆಯವರೂ ನಿಂತರು. ಸಾಬರು, ಗೌಡರು, ಕೂಲಿಯವರು, ಪುಸ್ತಕದ ಚೀಲ ಹೊತ್ತ ಮಕ್ಕಳು. ಮುಂದೆ ಕರಿಯ, ಮೂರು ಕಾಲಿನಲ್ಲಿ. ಬರೆದುಕೊಳ್ಳುವುದಿಲ್ಲ ಎನ್ನಲು ಒಳಗಿದ್ದವರಿಗೆ ಬಾಯಿ ಬರಲಿಲ್ಲ. ದೂರು ದಾಖಲಾಯಿತು. ಕೋವಿ ಠಾಣೆಗೆ ಬಂತು. ಮುಳ್ಳುತಂತಿಯನ್ನು ಬಿಚ್ಚಲು ಯಾರ ಅಪ್ಪಣೆಗೂ ಕಾಯದೆ ಜನರೇ ಕೈ ಹಾಕಿದರು.

ಆ ಸಂಜೆ ನುಸೈಬಾ ಮತ್ತು ರಮೀಝ್ ಆ ದಾರಿಯಲ್ಲಿ ನಡೆದು ದುಗ್ಗಮ್ಮನ ಮನೆಗೆ ಹೋದರು. ರಮೀಝನ ಕೈಯಲ್ಲಿ ಹೊಸ ಡಿಸ್ಕ್ ಇತ್ತು. ಇನ್ನು ಮೇಲೆ ಒಂದು ಪ್ರತಿ ಚಿಕಿತ್ಸಾಲಯದಲ್ಲಿ, ಒಂದು ಅವನ ಅಂಗಡಿಯಲ್ಲಿ, ಒಂದು ಬೇರೆಯೇ ಮನೆಯಲ್ಲಿ, ಸದ್ಯಕ್ಕೆ ದುಗ್ಗಮ್ಮನಲ್ಲಿ, ಎಂದು ತೀರ್ಮಾನವಾಗಿತ್ತು. ಅಳಿಸಿದರೆ ತಾನೂ ಅಳಿಸುವ ಕನ್ನಡಿ ಇನ್ನಿಲ್ಲ.

"ಬೇರೆ ಮನೆ ನಿಮ್ಮದೇ ಆಗಬಹುದಿತ್ತು," ಎಂದ ಅವನು.

"ನನ್ನ ಮನೆ ಬದಲಾದ್ರೆ?"

ಅವನು ನಿಂತುಬಿಟ್ಟ. ಅವಳು ಮುಂದೆ ಹೋಗುತ್ತಿದ್ದ ಕರಿಯನನ್ನೇ ನೋಡುತ್ತಿದ್ದಳು. ಕಿವಿ ಮಾತ್ರ ಕೆಂಪಾಗಿತ್ತು.

"ನುಸೈಬಾ... ನನ್ನ ಉಮ್ಮನನ್ನು ನಿಮ್ಮ ಉಮ್ಮನ ಹತ್ತಿರ ಕಳಿಸ್ಲಾ?"

"ಮೊದಲು ನೀವೇ ಹೇಳಿ. ಉಮ್ಮಂದಿರು ಆಮೇಲೆ."

"ನೀವು ಮೆಸೇಜ್ ಮಾಡದ ದಿನ ಅಂಗಡಿ ಮಾತ್ರ ಸುಟ್ಟದ್ದಲ್ಲ," ಎಂದ ಅವನು. "ನಿಮ್ಮನ್ನು ಬಿಟ್ಟು ನನಗೆ ಆಗುದಿಲ್ಲ. ಇಷ್ಟೇ ನನಗೆ ಹೇಳ್ಲಿಕ್ಕೆ ಬರುದು."

ಅವಳು ತಿರುಗಿದಳು. ಕಣ್ಣು ತುಂಬಿತ್ತು.

"ಅಂದು ಬರೆದಿದ್ದೆ. ಕಳಿಸಲಿಲ್ಲ. ಇನ್ನು ಯಾವತ್ತೂ ಹಾಗೆ ಮಾಡುದಿಲ್ಲ. ಕೋಪ ಇದ್ದರೂ ಕಳಿಸ್ತೇನೆ."

ಘಟ್ಟದ ಕಡೆ ಆಕಾಶ ಒಮ್ಮೆ ಗೊಣಗಿತು. ದುಗ್ಗಮ್ಮನ ಮನೆಯೊಳಗೆ ಟೀವಿಯ ಪ್ಲಗ್ ಕಿತ್ತ ಸದ್ದಾಯಿತು. ಕರಿಯ ಜಗಲಿ ಹತ್ತಿ ಮಲಗಿತು.

"ಗುಡುಗು ಶುರು," ಎಂದಳು ನುಸೈಬಾ, ಅವನ ಪಕ್ಕದಲ್ಲೇ ನಿಂತು, ಮೆಲ್ಲಗೆ.

"ಬದುಕಿದೆ," ಎಂದ ರಮೀಝ್.