ಕೆಮ್ಮಿಗೆ ಮುಂಚೆ

ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವುದು ನಮ್ಮ ಮನೆಯ ಕಸುಬು. ನಾನು ಓದುತ್ತಿದ್ದೆ, ಅತ್ತಿಗೆ ದನಿ ಏರಿಸಿ ಇಳಿಸುವ ಗುಂಡಿ ಹಿಡಿದು ಕೂರುತ್ತಿದ್ದರು. ನಾನು ಕೆಮ್ಮುವ ಮುಂಚೆಯೇ ದನಿ ಇಳಿಸಿಬಿಡುತ್ತಿದ್ದರು.

"ನಿನ್ನ ಕೆಮ್ಮು ನಿನಗಿಂತ ಮೊದಲು ನಂಗೆ ಗೊತ್ತಾಗತ್ತೆ ಕಣೇ," ಅನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ, ಗುಂಡಿಯ ಏರಿಳಿತವನ್ನೂ ಬೇರೆ ಫೈಲಿನಲ್ಲಿ ಉಳಿಸುವಂತೆ ಅಣ್ಣ ಪ್ರೋಗ್ರಾಂ ಬರೆದ. ಪರೀಕ್ಷೆಗೆಂದು ಒಂದು ಮಧ್ಯಾಹ್ನ ನಾನೊಬ್ಬಳೇ ಕೂತು, ಗುಂಡಿ ಮುಟ್ಟದೆ ಒಂದು ಪುಟ ಓದಿದೆ. ನಡುವೆ ಗುಂಡಿಯ ಕಡೆಯಿಂದ ಕಿರ್ ಎಂದಂತಾಯಿತು. ಆಮೇಲೆ ಕೆಮ್ಮು ಬಂತು.

ಫೈಲಿನಲ್ಲಿ ಗುಂಡಿಯ ಏರಿಳಿತ ತೋರಿಸುವ ಗೆರೆ ನೇರವಾಗಿರಬೇಕಿತ್ತು.

"ಇಲ್ಲಿ ಯಾಕೆ ಇಳಿಸಿದೆ?" ಎಂದ ಅಣ್ಣ.

"ನಾನು ಮುಟ್ಟೇ ಇಲ್ಲ."

ರೆಕಾರ್ಡಿಂಗ್ ಹಾಕಿ ಇಬ್ಬರೂ ಕೇಳಿದೆವು. ನನ್ನ ಓದೆಲ್ಲ ಇತ್ತು. ಕೆಮ್ಮು ಮಾತ್ರ ಇರಲಿಲ್ಲ.